ಹಂಡೆಯ ಬಿಸಿನೀರು ಮತ್ತು ಮಿದುಳಿನ ಎರಡು ಆಮ್ಲಗಳು

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಸ್ನಾನವೆಂದರೆ ಎರಡು ಬಗೆ. ದಿನನಿತ್ಯದ ಮೈಸ್ನಾನ ಒಂದು, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ತಲೆಗೆ ಎರೆದುಕೊಳ್ಳುವುದು ಇನ್ನೊಂದು. ತಲೆಗೆ ಎರೆದುಕೊಳ್ಳುವ ದಿನ ಬಚ್ಚಲ ಒಲೆಗೆ ಸೌದೆ ಹೆಚ್ಚು ಬೇಕು. ಹಂಡೆಯ ನೀರು ಹಬೆಯಾಡುವಷ್ಟು ಕಾಯಬೇಕು. ನೆತ್ತಿಗೆ ಎಣ್ಣೆ ಒತ್ತಿ, ಸೀಗೆಪುಡಿ ಹಚ್ಚಿ ತಿಕ್ಕಿ, ಚೊಂಬಿನ ಮೇಲೆ ಚೊಂಬು ನೀರನ್ನು ಬಿಡುವಿಲ್ಲದೆ ತಲೆಯ ಮೇಲೆ ಸುರಿಯಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ಪದ್ಧತಿ ಇಂದಿಗೂ ಬಿಟ್ಟುಹೋಗಿಲ್ಲ. ಹಂಡೆಯ ಜಾಗಕ್ಕೆ ಕರೆಂಟಿನ ಗೀಸರು ಬಂದಿರಬಹುದು, ಚೊಂಬಿನ ಜಾಗಕ್ಕೆ ಪ್ಲಾಸ್ಟಿಕ್ ಮಗ್ಗು ಬಂದಿರಬಹುದು. ಬಿಸಿನೀರು ನೆತ್ತಿಯ ಮೇಲೆ ಬೀಳುವುದು ಮಾತ್ರ ನಿಂತಿಲ್ಲ.

ಇದೇ ಸೀಮೆಯಲ್ಲಿ, ಇದೇ ಸ್ನಾನದ ಹೊತ್ತಿನಲ್ಲಿ ಬರುವ ಒಂದು ಕಾಯಿಲೆಯೂ ಇದೆ. ನೀರು ಸುರಿಯುತ್ತಿದ್ದಂತೆ ಮಗು ಒಮ್ಮೆಲೇ ಮಂಕಾಗುತ್ತದೆ. ಕರೆದರೆ ಓಗೊಡುವುದಿಲ್ಲ, ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ಅರ್ಥವಿಲ್ಲದ ಮಾತು ಬರುತ್ತದೆ. ಕೆಲವರಿಗೆ ಅಷ್ಟಕ್ಕೇ ನಿಲ್ಲುತ್ತದೆ. ಕೆಲವರು ಕೈಕಾಲು ಸೆಟೆದು ಬಚ್ಚಲಲ್ಲೇ ಬೀಳುತ್ತಾರೆ. ಎರಡು ಮೂರು ನಿಮಿಷ ಕಳೆದ ಮೇಲೆ ಎಚ್ಚರ ಬರುತ್ತದೆ, ನಡೆದದ್ದು ಯಾವುದೂ ನೆನಪಿರುವುದಿಲ್ಲ. ವೈದ್ಯರು ಇದನ್ನು ‘ಬಿಸಿನೀರಿನ ಮೂರ್ಛೆ’ ಎನ್ನುತ್ತಾರೆ. ಜಗತ್ತಿನ ಬೇರೆ ಕಡೆ ಅಪರೂಪವಾದ ಈ ಮೂರ್ಛೆ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಮೈಸೂರು ಸುತ್ತಿನಲ್ಲಿ, ವೈದ್ಯಶಾಸ್ತ್ರ ಕಣ್ಣರಳಿಸುವಷ್ಟು ಸಾಮಾನ್ಯ.

ಬಚ್ಚಲಮನೆಯ ಈ ಘಟನೆಗೂ, ಪ್ರಯೋಗಶಾಲೆಯ ಉಕ್ಕಿನ ಕೊಳವೆಯೊಂದರಲ್ಲಿ ಮಿದುಳಿನ ರಸವನ್ನು ಹಾಯಿಸಿ ಅಳೆಯುವ ಕೆಲಸಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಅದು ತಿಳಿಯಲು ವಿಜ್ಞಾನಕ್ಕೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಕಾಯಿಲೆಗೆ ಹೆಸರು ಬಂದದ್ದು

ವೈದ್ಯಕೀಯ ಬರವಣಿಗೆಯಲ್ಲಿ ಈ ಮೂರ್ಛೆ ಮೊದಲು ಕಾಣಿಸಿಕೊಂಡದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಲ್ಲಿ. ಅಲ್ಲಿಯ ವೈದ್ಯ ಅಲೆನ್ ಹತ್ತು ವರ್ಷದ ಹುಡುಗನೊಬ್ಬನ ವಿಷಯ ಬರೆದರು. ಆ ಬಳಿಕ ಅಲ್ಲೊಂದು ಇಲ್ಲೊಂದು ವರದಿ ಬಂದವು. ರೋಗಿಗಳನ್ನು ಒಬ್ಬೊಬ್ಬರಾಗಿ ಎಣಿಸಬಹುದಾಗಿತ್ತು.

ಎಣಿಕೆ ಬದಲಾದದ್ದು ಬೆಂಗಳೂರಿನಲ್ಲಿ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 1968ರಲ್ಲಿ ಇದನ್ನು ‘ಒಂದು ವಿಚಿತ್ರ ಬಗೆಯ ಮೂರ್ಛೆ’ ಎಂದು ಕರೆದು ಪ್ರಾಥಮಿಕ ವರದಿ ಪ್ರಕಟಿಸಿದರು. 1974ರ ಹೊತ್ತಿಗೆ ಅವರ ಬಳಿ 108 ರೋಗಿಗಳ ವಿವರ ಸೇರಿತ್ತು. ಅದೇ ವರ್ಷದ ಕೊನೆಯಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದುಗೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ಡಾ. ಪಿ. ಸತೀಶ್‌ಚಂದ್ರ ಈ ಅಧ್ಯಯನವನ್ನು ಮುಂದುವರಿಸಿದರು. 1988ರಲ್ಲಿ ಅವರು ಮತ್ತು ಜೊತೆಗಾರರು 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರೂ ಆದರು.

ಈ ಅಧ್ಯಯನಗಳಿಂದ ಕಾಯಿಲೆಯ ಚಹರೆ ಸ್ಪಷ್ಟವಾಯಿತು. ಸುರಿಯುವ ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೈಗೆ ಮಾತ್ರ ನೀರು ಹಾಕಿಕೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ತಲೆಯ ಮೇಲೆ ಬಿದ್ದರೆ ಮಾತ್ರ ತೊಂದರೆ. ಗಂಡುಮಕ್ಕಳಲ್ಲಿ ಹೆಚ್ಚು. ಬಾಲ್ಯದಲ್ಲಿ ಶುರುವಾಗುವುದು ವಾಡಿಕೆ, ಆದರೆ ದೊಡ್ಡವರನ್ನೂ ಬಿಟ್ಟಿಲ್ಲ. ಕೆಲವು ರೋಗಿಗಳು ಸ್ನಾನದ ನಡುವೆ ಒಂದು ಬಗೆಯ ಹಿತ ಅನುಭವಿಸಿ, ಬೇಡವೆಂದರೂ ಕೇಳದೆ ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಒಂದು ಪಾಲು ಜನರಿಗೆ ಮುಂದೆ ಸ್ನಾನವಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಇರುವುದೂ ಉಂಟು. ಈ ಕೊನೆಯ ಅಂಶ ಬಹಳ ವರ್ಷಗಳ ಬಳಿಕ ಕಾಯಿಲೆಯ ಮೂಲ ಹುಡುಕುವವರಿಗೆ ದಾರಿ ತೋರಿತು.

ಊರೂರು ತಿರುಗಿ ಮಾಡಿದ ಗಣತಿಗಳು ಇನ್ನೊಂದು ಸಂಗತಿ ಹೇಳಿದವು. 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆಗಳಿಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ಬಿಸಿನೀರಿನ ಮೂರ್ಛೆ ಲಕ್ಷ ಜನಕ್ಕೆ ಸುಮಾರು 60ರಂತೆ ಕಂಡಿತು. ಯಳಂದೂರಿನ ಸಮೀಕ್ಷೆಯಲ್ಲಿ ಅದು ಲಕ್ಷಕ್ಕೆ 255 ಎಂದು ದಾಖಲಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಗುವವರೆಗೆ ಯಳಂದೂರು ಮೈಸೂರು ಜಿಲ್ಲೆಗೇ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಮಿದುಳಿನೊಳಗೆ ನಡೆಯುವುದೇನು? ಎಲ್ಲರ ತಲೆಯ ಮೇಲೂ ಬೀಳುವ ನೀರು ಕೆಲವರನ್ನು ಮಾತ್ರ ಏಕೆ ಬೀಳಿಸುತ್ತದೆ? ಈ ರೋಗಿಗಳ ಮಿದುಳಿನ ಚಿತ್ರ ತೆಗೆದರೆ ಸಾಮಾನ್ಯವಾಗಿ ಗಡ್ಡೆಯಿಲ್ಲ, ಗಾಯವಿಲ್ಲ. ಮೂರ್ಛೆಯಿಲ್ಲದ ಹೊತ್ತಿನಲ್ಲಿ ವಿದ್ಯುತ್ ಅಲೆಗಳ ದಾಖಲೆಯೂ ಹೆಚ್ಚಿನವರಲ್ಲಿ ಸರಿಯಾಗಿಯೇ ಇರುತ್ತದೆ. ಕಣ್ಣಿಗೆ ಕಾಣುವ ದೋಷವಿಲ್ಲವೆಂದ ಮೇಲೆ ಕಣ್ಣಿಗೆ ಕಾಣದ್ದನ್ನು, ಅಂದರೆ ರಸಾಯನವನ್ನು ಅಳೆಯಬೇಕು.

ಹೊತ್ತಿಸುವುದೊಂದು, ಆರಿಸುವುದೊಂದು

ಮಿದುಳಿನ ನರಕೋಶಗಳು ಒಂದನ್ನೊಂದು ಮುಟ್ಟಿಕೊಂಡಿಲ್ಲ. ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಸಂದಿ ಇದೆ. ಈ ಸಂದಿಯನ್ನು ದಾಟಿ ಸುದ್ದಿ ಮುಟ್ಟಿಸುವ ರಾಸಾಯನಿಕಗಳಿಗೆ ನರವಾಹಕಗಳೆಂದು ಹೆಸರು. ಅವುಗಳಲ್ಲಿ ಬಹಳ ಹೆಚ್ಚು ಕೆಲಸ ಮಾಡುವ ಎರಡು ವಸ್ತುಗಳು ಸಾಧಾರಣ ಅಮೈನೊ ಆಮ್ಲಗಳು. ಗ್ಲುಟಮೇಟ್ ಎಂಬುದು ಮುಂದಿನ ನರಕೋಶವನ್ನು ಕೆರಳಿಸುತ್ತದೆ. ಗಾಬಾ ಎಂಬುದು ಅದನ್ನು ತಣಿಸುತ್ತದೆ. ಒಲೆಗೆ ಸೌದೆಯೂ ಬೇಕು, ಉರಿ ಮಿತಿ ಮೀರಿದಾಗ ಕೊಳ್ಳಿ ಹಿಂದಕ್ಕೆಳೆಯುವ ಕೈಯೂ ಬೇಕು. ಕೈ ಸೋತರೆ ಅಥವಾ ಸೌದೆ ಹೆಚ್ಚಾದರೆ ಒಂದು ಕಡೆ ಹತ್ತಿದ ಉರಿ ಸುತ್ತಲಿನದಕ್ಕೆಲ್ಲ ಹಬ್ಬುತ್ತದೆ. ಮೂರ್ಛೆಯೆಂದರೆ ಲಕ್ಷಾಂತರ ನರಕೋಶಗಳು ಹೀಗೆ ಒಟ್ಟಿಗೆ ಉರಿದೇಳುವುದು.

ಗ್ಲುಟಮೇಟಿನ ಮೂಲವಾದ ಆಮ್ಲವನ್ನು 1866ರಲ್ಲಿಯೇ ಜರ್ಮನಿಯ ರಿಟ್‌ಹೌಸನ್ ಗೋಧಿಯ ಜಿಗುಟಿನಿಂದ ತೆಗೆದಿದ್ದರು. 1908ರಲ್ಲಿ ಜಪಾನಿನ ಇಕೆಡಾ ಅದರ ರುಚಿಯನ್ನು ಗುರುತಿಸಿದರು. ಇಂದು ಗೋಬಿ ಮಂಚೂರಿ ಗಾಡಿಗಳಲ್ಲಿ ಚಿಟಿಕೆ ಉದುರಿಸುವ ಅಜಿನೊಮೊಟೊ ಅದರ ಲವಣವೇ. ಅಡುಗೆಮನೆಯ ಈ ವಸ್ತು ಮಿದುಳನ್ನು ಕೆರಳಿಸಬಲ್ಲದೆಂದು ತೋರಿಸಿದವರೂ ಒಬ್ಬ ಜಪಾನೀಯರೇ. 1950ರ ದಶಕದಲ್ಲಿ ಹಯಾಶಿ ಎಂಬ ವಿಜ್ಞಾನಿ ಅದನ್ನು ನಾಯಿಯ ಮಿದುಳಿಗೆ ನೇರವಾಗಿ ಸೋಕಿಸಿದಾಗ ನಾಯಿಗೆ ಸೆಳವು ಬಂದಿತು. ಊಟದಲ್ಲಿ ತಿಂದದ್ದು ರಕ್ತದಿಂದ ಮಿದುಳಿಗೆ ಸುಲಭವಾಗಿ ಇಳಿಯುವುದಿಲ್ಲ. ಮಿದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಗಾಬಾ ಮಿದುಳಿನಲ್ಲಿದೆಯೆಂದು ತಿಳಿದದ್ದು 1950ರಲ್ಲಿ. ಅಮೆರಿಕದ ಯೂಜೀನ್ ರಾಬರ್ಟ್ಸ್ ಮತ್ತು ಸ್ಯಾಮ್ ಫ್ರಾಂಕೆಲ್ ಇಲಿಯ ಮಿದುಳಿನ ರಸವನ್ನು ಶೋಧಕ ಕಾಗದದ ಮೇಲೆ ಹರಿಯಬಿಟ್ಟು ಬಣ್ಣ ಬರಿಸಿದರು. ಬೇರೆ ಅಂಗಗಳಲ್ಲಿ ಅಷ್ಟಾಗಿ ಕಾಣದ ಒಂದು ಚುಕ್ಕೆ ಮಿದುಳಿನ ಕಾಗದದಲ್ಲಿ ಎದ್ದು ಕಂಡಿತು. ಅದೇ ಗಾಬಾ. ಅದರ ಕೆಲಸವೇನೆಂಬುದು ಆಗ ಗೊತ್ತಿರಲಿಲ್ಲ. ದನದ ಮಿದುಳಿನಿಂದ ತೆಗೆದ, ನರಗಳನ್ನು ತಣಿಸುವ ಒಂದು ಅಂಶವೂ ಇದೂ ಒಂದೇ ಎಂದು 1957ರಲ್ಲಿ ಫ್ಲೋರಿ ಮತ್ತು ಜೊತೆಗಾರರು ತೋರಿಸಿದರು.

ಈ ಎರಡು ವಸ್ತುಗಳ ನಂಟು ಇನ್ನೂ ಹತ್ತಿರದ್ದು. ಗಾಬಾ ತಯಾರಾಗುವುದೇ ಗ್ಲುಟಮೇಟಿನಿಂದ. ಒಂದು ಕಿಣ್ವ ಗ್ಲುಟಮೇಟಿನ ತುದಿಯನ್ನು ಕತ್ತರಿಸಿ ಅದನ್ನು ಗಾಬಾ ಆಗಿ ಮಾರ್ಪಡಿಸುತ್ತದೆ. ಕೆರಳಿಸುವ ವಸ್ತುವೇ ಹೀಗೆ ತಣಿಸುವ ವಸ್ತುವಾಗುತ್ತದೆ. ಈ ಕಿಣ್ವಕ್ಕೆ ಬಿ-6 ಜೀವಸತ್ವ ಬೇಕು. 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಡಬ್ಬಿ ಹಾಲು ಕುಡಿಯುತ್ತಿದ್ದ ಕೆಲವು ಹಸುಗೂಸುಗಳಿಗೆ ಕಾರಣ ತಿಳಿಯದೆ ಫಿಟ್ಸ್ ಬರತೊಡಗಿತು. ಆ ಹಾಲನ್ನು ಕಾಯಿಸಿ ಶುದ್ಧಗೊಳಿಸುವಾಗ ಅದರ ಬಿ-6 ನಾಶವಾಗಿತ್ತು. ಜೀವಸತ್ವ ಕೊಟ್ಟೊಡನೆ ಮಕ್ಕಳು ಚೇತರಿಸಿಕೊಂಡವು. ಎರಡು ಆಮ್ಲಗಳ ತೂಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿರಲಿಲ್ಲ.

ಜಾತ್ರೆಯಲ್ಲಿ ಹಾಯ್ದುಹೋದಂತೆ

ತೂಕ ತಪ್ಪಿದೆಯೆಂದು ಹೇಳಬೇಕಾದರೆ ಮೊದಲು ತೂಗಲು ಬರಬೇಕು. ತೊಂದರೆ ಇದ್ದುದು ಇಲ್ಲಿಯೇ. ಮಿದುಳಿನ ಚೂರನ್ನು ಅರೆದರೆ ಸಿಗುವ ರಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಮೈನೊ ಆಮ್ಲಗಳು ಕಲೆತಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ರೂಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಗ್ಲುಟಮೇಟಿಗೂ ಗಾಬಾಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ.

ಬೇರ್ಪಡಿಸುವ ಉಪಾಯ ಸಿಕ್ಕಿದ್ದು ಎಲೆಗಳ ಹಸಿರಿನಿಂದ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ರಸವನ್ನು ಇಳಿಯಬಿಟ್ಟರು. ಹಸಿರು, ಹಳದಿ ಬಣ್ಣಗಳು ಬೇರೆ ಬೇರೆ ಪಟ್ಟಿಗಳಾಗಿ ನಿಂತವು. ಅದಕ್ಕೆ ಅವರು ‘ಬಣ್ಣದ ಬರಹ’ ಎಂಬ ಅರ್ಥದ ಕ್ರೊಮ್ಯಾಟೊಗ್ರಫಿ ಎಂಬ ಹೆಸರಿಟ್ಟರು.

ಇದರ ತತ್ತ್ವ ತಿಳಿಯಲು ಚುಂಚನಕಟ್ಟೆ ಜಾತ್ರೆಯನ್ನು ನೆನೆದರೆ ಸಾಕು. ಹತ್ತು ಜನರ ಗುಂಪೊಂದು ಜಾತ್ರೆಯ ಒಂದು ತುದಿಯಲ್ಲಿ ಒಟ್ಟಿಗೆ ಒಳಹೊಕ್ಕಿತೆನ್ನಿ. ದನ ಕೊಳ್ಳಲು ಬಂದವನು ಪ್ರತಿ ಜೋಡಿಯ ಮುಂದೂ ನಿಂತು ಹಲ್ಲು ನೋಡುತ್ತಾನೆ. ಬಳೆ ಬೇಕಾದವಳು ಬಳೆಯಂಗಡಿಗಳಲ್ಲಿ ನಿಲ್ಲುತ್ತಾಳೆ. ಏನೂ ಬೇಡದವನು ಸೀದಾ ನಡೆದು ಇನ್ನೊಂದು ತುದಿಗೆ ಮೊದಲು ತಲುಪುತ್ತಾನೆ. ಒಟ್ಟಿಗೆ ಹೊರಟವರು ಹೊರಬೀಳುವಾಗ ಒಬ್ಬೊಬ್ಬರಾಗಿರುತ್ತಾರೆ. ಯಾರಿಗೆ ಯಾವುದರ ಮೇಲೆ ಎಷ್ಟು ಸೆಳೆತವೋ ಅಷ್ಟು ತಡ. ಕೊಳವೆಯಲ್ಲಿ ತುಂಬಿದ ಪುಡಿಯೇ ಅಂಗಡಿಸಾಲು. ಮೇಲಿನಿಂದ ಹರಿಸುವ ದ್ರವ ಜನರನ್ನು ಮುಂದಕ್ಕೆ ತಳ್ಳುವ ನೂಕು. ರಸದಲ್ಲಿರುವ ವಸ್ತುಗಳು ತಮ್ಮ ತಮ್ಮ ಸೆಳೆತಕ್ಕೆ ತಕ್ಕಂತೆ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ.

1941ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಸಂಶೋಧನಾಲಯದಲ್ಲಿ ಮಾರ್ಟಿನ್ ಮತ್ತು ಸಿಂಜ್ ಈ ವಿಧಾನವನ್ನು ಅಮೈನೊ ಆಮ್ಲಗಳಿಗೆ ಒಗ್ಗಿಸಿದರು. ಅವರಿಗೆ ಬೇಕಿದ್ದುದು ಉಣ್ಣೆಯಲ್ಲಿ ಏನಿದೆಯೆಂಬ ಲೆಕ್ಕ. 1952ರಲ್ಲಿ ಅವರಿಗೆ ನೊಬೆಲ್ ಬಂದಿತು. ನ್ಯೂಯಾರ್ಕಿನ ಮೂರ್ ಮತ್ತು ಸ್ಟೈನ್ 1958ರಲ್ಲಿ ತಾನೇ ಬೇರ್ಪಡಿಸಿ ತಾನೇ ದಾಖಲಿಸುವ ಯಂತ್ರವನ್ನು ಸಹೋದ್ಯೋಗಿ ಸ್ಪ್ಯಾಕ್‌ಮನ್ ಜೊತೆ ಸೇರಿ ಕಟ್ಟಿದರು. ಆದರೂ ಒಂದು ಮಾದರಿಗೆ ಬಹಳ ಗಂಟೆ ಹಿಡಿಯುತ್ತಿತ್ತು.

ಇಂದಿನ ಯಂತ್ರ ಬಂದದ್ದು 1960ರ ದಶಕದ ಕೊನೆ ಮತ್ತು 1970ರ ದಶಕದಲ್ಲಿ. ಗೇಣುದ್ದದ ಉಕ್ಕಿನ ಕೊಳವೆ. ಅದರೊಳಗೆ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿನಷ್ಟು ಸಣ್ಣ ಸಿಲಿಕಾ ಕಣಗಳು. ಕಣಗಳು ಸಣ್ಣದಾದಷ್ಟೂ ಬೇರ್ಪಡೆ ಚೊಕ್ಕಟ, ಆದರೆ ದ್ರವ ಇಳಿಯುವುದಿಲ್ಲ. ಆದ್ದರಿಂದ ಪಂಪಿನಿಂದ ನೂರಾರು ವಾಯುಭಾರದ ಒತ್ತಡ ಹಾಕಿ ನೂಕಬೇಕು. ಇದೇ ಎಚ್‌ಪಿಎಲ್‌ಸಿ ಎಂದು ಕರೆಯುವ ದ್ರವ ಕ್ರೊಮ್ಯಾಟೊಗ್ರಫಿ. ಔಷಧ ಕಾರ್ಖಾನೆಗಳಿಂದ ಆಹಾರ ಪರೀಕ್ಷೆಯ ಪ್ರಯೋಗಶಾಲೆಗಳವರೆಗೆ ಇದು ಇಂದು ಮಾಮೂಲಿ ಸಲಕರಣೆ.

ಬಣ್ಣವಿಲ್ಲದ ಆಮ್ಲಗಳನ್ನು ಕಾಣುವುದು ಹೇಗೆ ಎಂಬ ಪ್ರಶ್ನೆಗೆ 1971ರಲ್ಲಿ ರಾತ್ ಎಂಬ ವಿಜ್ಞಾನಿ ಉತ್ತರ ಕೊಟ್ಟರು. ಓಪಿಎ ಎಂಬ ರಾಸಾಯನಿಕವನ್ನು ಗಂಧಕವುಳ್ಳ ಇನ್ನೊಂದು ವಸ್ತುವಿನೊಡನೆ ಬೆರೆಸಿದರೆ ಅದು ಅಮೈನೊ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ. ಒಂದೆರಡು ನಿಮಿಷದ ಕೆಲಸ. 1979ರಲ್ಲಿ ಲಿಂಡ್ರಾತ್ ಮತ್ತು ಮಾಪರ್ ಈ ಉಪಾಯವನ್ನು ಎಚ್‌ಪಿಎಲ್‌ಸಿಗೆ ಜೋಡಿಸಿದರು. ಆಮ್ಲಗಳಿಗೆ ಮೊದಲೇ ‘ದೀಪ’ ಕಟ್ಟಿ ಕೊಳವೆಯೊಳಗೆ ಬಿಡುವುದು, ಹೊರಬರುವ ಹೊತ್ತಿಗೆ ಹೊಳಪನ್ನು ದಾಖಲಿಸುವುದು. ಕಾಗದದ ಮೇಲೆ ಬೆಟ್ಟಗಳ ಸಾಲಿನಂತೆ ಶಿಖರಗಳು ಮೂಡುತ್ತವೆ. ಗ್ಲುಟಮೇಟಿನ ಶಿಖರ ಮೊದಲಿಗೆ ಬರುತ್ತದೆ, ಗಾಬಾ ತಡವಾಗಿ. ಗೊತ್ತಿರುವ ಪ್ರಮಾಣದ ಶುದ್ಧ ವಸ್ತುವನ್ನು ಹಾಯಿಸಿ ಪಡೆದ ಶಿಖರದೊಡನೆ ಹೋಲಿಸಿದರೆ ಎಷ್ಟಿದೆಯೆಂಬುದು ತಿಳಿಯುತ್ತದೆ. ಒಂದು ಗ್ರಾಂ ಮಿದುಳಿನಲ್ಲಿ ಸ್ಥೂಲವಾಗಿ ಹತ್ತು ಮೈಕ್ರೊಮೋಲ್ ಗ್ಲುಟಮೇಟ್, ಒಂದೆರಡು ಮೈಕ್ರೊಮೋಲ್ ಗಾಬಾ. ತೂಕದ ಲೆಕ್ಕದಲ್ಲಿ ಗ್ಲುಟಮೇಟ್ ಒಂದೂವರೆ ಮಿಲಿಗ್ರಾಂ, ಗಾಬಾ ಅದರ ಏಳೆಂಟನೆಯ ಒಂದು ಪಾಲು. ಇಲಿಯ ಮಿದುಳಿನ ಕಡಲೆಕಾಳಿಗಿಂತ ಸಣ್ಣ ಚೂರಿನಲ್ಲಿಯೂ ಇದನ್ನು ಅಳೆಯಬಹುದು.

ಅಳತೆಗೆ ಸಿಗದೆ ಜಾರುವ ವಸ್ತು

ಯಂತ್ರ ಎಷ್ಟೇ ನಿಖರವಾಗಿರಲಿ, ಅದರ ಬಾಯಿಗೆ ಹಾಕುವ ಮಾದರಿ ಸುಳ್ಳಾದರೆ ಉತ್ತರವೂ ಸುಳ್ಳು. ಮಿದುಳಿನ ವಿಷಯದಲ್ಲಿ ಈ ಅಪಾಯ ದೊಡ್ಡದು. ಉಸಿರು ನಿಂತೊಡನೆ ಮಿದುಳಿನ ಎಲ್ಲ ಕೆಲಸವೂ ಒಟ್ಟಿಗೆ ನಿಲ್ಲುವುದಿಲ್ಲ. ಗ್ಲುಟಮೇಟಿನಿಂದ ಗಾಬಾ ತಯಾರಿಸುವ ಕಿಣ್ವಕ್ಕೆ ಆಮ್ಲಜನಕ ಬೇಡ, ಅದು ದುಡಿಯುತ್ತಲೇ ಇರುತ್ತದೆ. ಗಾಬಾವನ್ನು ಕರಗಿಸುವ ದಾರಿ ಮಾತ್ರ ಮುಚ್ಚಿಹೋಗುತ್ತದೆ. ನಲ್ಲಿ ತೆರೆದಿದ್ದು ಬಚ್ಚಲ ಕಂಡಿ ಕಟ್ಟಿಕೊಂಡರೆ ನೀರು ಏರುವಂತೆ ಗಾಬಾ ಏರುತ್ತದೆ. ಕೆನಡಾದ ಥಾಮಸ್ ಪೆರಿ 1981ರಲ್ಲಿ ಮನುಷ್ಯರ ಮತ್ತು ಇಲಿಗಳ ಮಿದುಳಿನಲ್ಲಿ ಸಾವಿನ ಬಳಿಕ ನಡೆಯುವ ಇಂಥ ಬದಲಾವಣೆಗಳನ್ನು ವಿವರವಾಗಿ ಬರೆದರು. ಹತ್ತು ನಿಮಿಷ ತಡವಾದ ಮಾದರಿಯೂ ಹತ್ತು ಸೆಕೆಂಡಿನ ಮಾದರಿಯೂ ಬೇರೆ ಬೇರೆ ಕಥೆ ಹೇಳುತ್ತವೆ.

ಆದ್ದರಿಂದಲೇ ಪ್ರಯೋಗಶಾಲೆಯಲ್ಲಿ ಇಲಿಯ ಮಿದುಳನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಕ್ಷಣಾರ್ಧದಲ್ಲಿ ಗಟ್ಟಿಯಾಗಿಸುತ್ತಾರೆ, ಇಲ್ಲವೇ ಮೈಕ್ರೊವೇವ್ ಕಿರಣದಿಂದ ಕಿಣ್ವಗಳನ್ನು ಒಮ್ಮೆಲೇ ಬೇಯಿಸಿ ನಿಲ್ಲಿಸುತ್ತಾರೆ. ಬಳಿಕ ತಣ್ಣನೆಯ ಆಮ್ಲದಲ್ಲಿ ಅರೆದು, ಪ್ರೊಟೀನುಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಮಾತ್ರ ಯಂತ್ರಕ್ಕೆ ಕೊಡುತ್ತಾರೆ. ಸಂಕಟವೆಂದರೆ ಚೂರಿನಲ್ಲಿ ಸಿಗುವ ಗ್ಲುಟಮೇಟೆಲ್ಲ ನರವಾಹಕವಲ್ಲ. ಅದರ ಬಹುಪಾಲು ಕೋಶಗಳ ದಿನಗೆಲಸಕ್ಕೆ ಬಳಕೆಯಾಗುವಂಥದು. ಕಣಜದಲ್ಲಿ ಎಷ್ಟು ರಾಗಿಯಿದೆಯೆಂದು ಅಳೆದರೆ ಇಂದು ಎಷ್ಟು ಮುದ್ದೆ ಬಡಿಸಿದರೆಂದು ತಿಳಿಯದು.

ಜೀವಂತ ಮಿದುಳಿನಲ್ಲಿ ‘ಬಡಿಸಿದ್ದನ್ನು’ ಅಳೆಯುವ ದಾರಿಯನ್ನು ಯೇಲ್ ವಿಶ್ವವಿದ್ಯಾಲಯದ ಡ್ಯೂರಿಂಗ್ ಮತ್ತು ಸ್ಪೆನ್ಸರ್ 1993ರಲ್ಲಿ ತೋರಿಸಿದರು. ಔಷಧಕ್ಕೆ ಬಗ್ಗದ ಮೂರ್ಛೆಗಾಗಿ ಶಸ್ತ್ರಚಿಕಿತ್ಸೆಗೆ ಬಂದಿದ್ದ ಆರು ರೋಗಿಗಳ ಮಿದುಳಿನಲ್ಲಿ ಹೇಗೂ ಇರಿಸಬೇಕಾಗಿದ್ದ ತಂತಿಯೊಡನೆ ಕೂದಲಿನಂಥ ಸೂಕ್ಷ್ಮ ಕೊಳವೆಯನ್ನೂ ಇರಿಸಿ, ನರಕೋಶಗಳ ನಡುವಿನ ದ್ರವವನ್ನು ಸಂಗ್ರಹಿಸಿ ಅಳೆದರು. ಮೂರ್ಛೆ ಶುರುವಾಗುವ ಮೊದಲೇ ಮೂರ್ಛೆ ಹುಟ್ಟುವ ಬದಿಯಲ್ಲಿ ಗ್ಲುಟಮೇಟ್ ಏರತೊಡಗಿತ್ತು. ಅಷ್ಟು ದಿನ ಇಲಿಗಳಿಂದ ಊಹಿಸಿದ್ದು ಮನುಷ್ಯರಲ್ಲಿಯೇ ಕಂಡಿತು.

ಬೆಂಗಳೂರಿನ ದಾರಿ

ಬಿಸಿನೀರಿನ ಮೂರ್ಛೆಯ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೀರಿನ ಬಿಸಿ ಇಳಿಸಿದರೆ, ಔಷಧ ಕೊಟ್ಟರೆ ಹತೋಟಿಗೆ ಬರುವ ಕಾಯಿಲೆಗೆ ತಲೆಬುರುಡೆ ತೆರೆಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಅವರ ಮಿದುಳಿನ ಆಮ್ಲಗಳ ಕಡೆಗೆ ಬಳಸುದಾರಿಯಲ್ಲಿ ಹೋಗಬೇಕಾಯಿತು.

ಇಂಥ ರಸಾಯನದ ಪರಂಪರೆ ಬೆಂಗಳೂರಿಗೆ ಹೊಸದಾಗಿರಲಿಲ್ಲ. 1964ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಕೇಸರಿ ಬೇಳೆಯಿಂದ ನರಗಳಿಗೆ ವಿಷವಾದ ಒಂದು ಅಮೈನೊ ಆಮ್ಲವನ್ನು ಬೇರ್ಪಡಿಸಿ ಅದರ ರಚನೆ ತಿಳಿಸಿದ್ದರು. ಉತ್ತರ ಮತ್ತು ಮಧ್ಯ ಭಾರತದಲ್ಲಿ ಬಡವರ ಕಾಲುಗಳ ಬಲ ಕಸಿದ ಆ ವಸ್ತು ಗ್ಲುಟಮೇಟಿನ ವೇಷ ಧರಿಸಿ ನರಕೋಶಗಳನ್ನು ಕೆರಳಿಸುವಂಥದು. ನಿಮ್ಹಾನ್ಸ್‌ನಲ್ಲಿ ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ 1995ರಲ್ಲಿ ಮಿದುಳಿನ ಭಂಡಾರವನ್ನು ಸ್ಥಾಪಿಸಿದರು. ಸತ್ತವರ ಕುಟುಂಬದವರು ಒಪ್ಪಿ ಕೊಟ್ಟ ಮಿದುಳುಗಳು ಅಲ್ಲಿ ಸಂಶೋಧನೆಗಾಗಿ ಶೀತಲ ಪೆಟ್ಟಿಗೆಗಳಲ್ಲಿವೆ.

ಮೊದಲ ಬಳಸುದಾರಿ ಇಲಿಗಳದು. 1996ರಲ್ಲಿ ಜಿ.ಆರ್. ಉಲ್ಲಾಳ್, ಸತೀಶ್‌ಚಂದ್ರ ಮತ್ತು ಶಂಕರ್ ಇಲಿಗಳ ತಲೆಯ ಮೇಲೆ ಬಿಸಿನೀರು ಬಿಟ್ಟು ಈ ಮೂರ್ಛೆಯ ಮಾದರಿಯೊಂದನ್ನು ಪ್ರಯೋಗಶಾಲೆಯಲ್ಲಿ ರೂಪಿಸಿದರು. 2006ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಹೀಗೆ ಮತ್ತೆ ಮತ್ತೆ ಮೂರ್ಛೆ ಬಂದ ಇಲಿಗಳ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಪಾಚಿಯಂತೆ ಕಾಣುವ ನರತಂತುಗಳು ಹೊಸದಾಗಿ ಚಿಗುರಿದ್ದವು. ಈ ತಂತುಗಳು ಸ್ರವಿಸುವುದು ಗ್ಲುಟಮೇಟನ್ನು. ಒಂದು ಮೂರ್ಛೆ ಮುಂದಿನದಕ್ಕೆ ದಾರಿ ಸವೆಸಬಲ್ಲದು. ಸ್ನಾನದಲ್ಲಿ ಮಾತ್ರ ಬರುತ್ತಿದ್ದುದು ಕೆಲವರಲ್ಲಿ ಮುಂದೆ ಸ್ನಾನವಿಲ್ಲದೆಯೂ ಏಕೆ ಬರುತ್ತದೆಂಬುದಕ್ಕೆ ಇದು ಒಂದು ಸುಳಿವು. ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಸುಮ್ಮನಿರಬಾರದೆಂಬುದಕ್ಕೂ ಇದೇ ಕಾರಣ.

ಎರಡನೆಯ ದಾರಿ ಮನೆತನಗಳದು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರ ಜೊತೆಗೂಡಿ, ಹಲವರಿಗೆ ಈ ಮೂರ್ಛೆಯಿರುವ ಕುಟುಂಬಗಳ ರಕ್ತವನ್ನು ಪರೀಕ್ಷಿಸಿತು. 2009ರಲ್ಲಿ 10ನೆಯ ಮತ್ತು 4ನೆಯ ವರ್ಣತಂತುಗಳಲ್ಲಿ ಶಂಕಿತ ಜಾಗಗಳನ್ನು ಗುರುತಿಸಿತು. 2017ರಲ್ಲಿ ಕೆಲವು ಕುಟುಂಬಗಳಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯ ಅಪರೂಪದ ಬದಲಾವಣೆಗಳನ್ನು ಕಂಡಿತು. ಈ ವಂಶವಾಹಿಯ ಕೆಲಸವೇನು? ಸಂದಿಯಲ್ಲಿ ಉಳಿದ ಗ್ಲುಟಮೇಟನ್ನು ನರಕೋಶದೊಳಕ್ಕೆ ಎಳೆದುಕೊಳ್ಳುವ ಒಂದು ಪ್ರೊಟೀನನ್ನು ತಯಾರಿಸುವುದು.

ಇಲ್ಲಿ ಹಳೆಯ ಅಳತೆಯೊಂದು ಕೈಹಿಡಿಯಿತು. ಅದೇ ಪ್ರೊಟೀನನ್ನು ಇಲಿಗಳಲ್ಲಿ ಕಡಿಮೆ ಮಾಡಿದರೆ ಏನಾಗುತ್ತದೆಂದು ಅಮೆರಿಕದ ಸಂಶೋಧಕರು 2002ರಲ್ಲಿಯೇ ಪರೀಕ್ಷಿಸಿದ್ದರು. ಇಲಿಗಳಿಗೆ ಮೂರ್ಛೆ ಬಂದಿತ್ತು. ಗ್ಲುಟಮೇಟ್ ಗುಡಿಸುವ ಕೈ ಕಡಿಮೆಯಾದರೆ ಗ್ಲುಟಮೇಟ್ ರಾಶಿ ಬೀಳಬೇಕೆಂಬುದು ಎಲ್ಲರ ಊಹೆ. ಅಳೆದಾಗ ಎದ್ದು ಕಂಡದ್ದು ಬೇರೆ. ಹಿಪೊಕ್ಯಾಂಪಸ್‌ನಲ್ಲಿ ಗಾಬಾ ಅರ್ಧದಷ್ಟು ಇಳಿದಿತ್ತು. ಒಳಕ್ಕೆ ಎಳೆದುಕೊಂಡ ಗ್ಲುಟಮೇಟೇ ಗಾಬಾಕ್ಕೆ ಕಚ್ಚಾವಸ್ತು. ಅದು ಬಾರದಿದ್ದರೆ ತಣಿಸುವ ವಸ್ತುವೇ ತಯಾರಾಗದು. ಈ ಅರ್ಧವೆಂಬ ಲೆಕ್ಕ ಊಹೆಯಿಂದ ಬರುವಂಥದಲ್ಲ, ಮಿದುಳಿನ ಚೂರನ್ನು ಅಳೆದೇ ತಿಳಿಯಬೇಕು. ಇಲಿಯ ಈ ಅಳತೆಯನ್ನೂ ಕುಟುಂಬಗಳ ವಂಶವಾಹಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕನಿಷ್ಠ ಕೆಲವು ಮನೆತನಗಳಲ್ಲಿ ಬಿಸಿನೀರು ತಾನಾಗಿ ಬೆಂಕಿ ಹಚ್ಚುವುದಿಲ್ಲ, ಉರಿ ಆರಿಸುವ ಕೈ ಮೊದಲೇ ಸೋತಿರಬಹುದು ಎಂಬ ಚಿತ್ರ ಮೂಡುತ್ತದೆ. ಎಲ್ಲ ಕುಟುಂಬಗಳಿಗೂ ಒಂದೇ ವಂಶವಾಹಿ ಕಾರಣವಲ್ಲವೆಂಬುದನ್ನೂ ಮರೆಯುವಂತಿಲ್ಲ.

ಲೆಕ್ಕದಿಂದ ಬಚ್ಚಲಮನೆಗೆ

ಈ ಲೆಕ್ಕಾಚಾರದಿಂದ ಹಳ್ಳಿಯ ಮನೆಗೆ ದೊರೆತದ್ದೇನು? ಮೊದಲನೆಯದು, ಚಿಕಿತ್ಸೆಯ ಅರ್ಥ. ಉಗುರುಬೆಚ್ಚಗಿನ ನೀರು, ನಿಧಾನವಾಗಿ ಸುರಿಯುವುದು, ಇದೇ ಮೊದಲ ಔಷಧ. ಅದರಿಂದ ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ವೈದ್ಯರು ಕ್ಲೋಬಜಾಮ್ ಮಾತ್ರೆ ಕೊಡುವುದುಂಟು. ಆ ಮಾತ್ರೆ ಮಾಡುವ ಕೆಲಸ ಗಾಬಾದ ಕೈಯನ್ನು ಬಲಪಡಿಸುವುದು. ದಿನವೂ ನುಂಗದೆ ಸ್ನಾನದ ದಿನ ಮಾತ್ರ ತೆಗೆದುಕೊಂಡರೂ ಬಹಳ ಮಂದಿಗೆ ಸಾಕಾಗುತ್ತದೆ. ಸ್ನಾನವಿಲ್ಲದೆಯೂ ಮೂರ್ಛೆ ಬರುವವರಿಗೆ ದಿನನಿತ್ಯದ ಔಷಧ ಬೇಕು. ಅದನ್ನು ವೈದ್ಯರೇ ಗೊತ್ತುಮಾಡಬೇಕು. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಿರುವುದು, ಉರಿಯುವ ಒಲೆಯ ಪಕ್ಕದಲ್ಲಿ ಕೂತು ಎರೆದುಕೊಳ್ಳದಿರುವುದು ಯಾರ ಚೀಟಿಯೂ ಬೇಡದ ಎಚ್ಚರಿಕೆಗಳು.

ಎರಡನೆಯದು ಇದಕ್ಕಿಂತ ಹೆಚ್ಚಿನದು. ಮೂರ್ಛೆ ಬಂದವರ ಕೈಗೆ ಬೀಗದ ಕೈ ಹಿಡಿಸುವುದು, ಗಾಳಿ ಸೋಕಿದೆಯೆಂದು ಮಂತ್ರಿಸುವುದು, ಹೆಣ್ಣುಮಗಳಾದರೆ ಬಾಯಿ ಬಿಡದೆ ಮದುವೆ ಮಾಡಿ ಕಳಿಸುವುದು, ಗಂಡನ ಮನೆಯಲ್ಲಿ ಮೊದಲ ಹಬ್ಬದ ಎಣ್ಣೆಸ್ನಾನದ ದಿನ ಗುಟ್ಟು ರಟ್ಟಾಗುವುದು, ಇವೆಲ್ಲ ಈ ಸೀಮೆಗೆ ಹೊಸವಲ್ಲ. ಕಾನೂನೂ ಒಂದು ಕಾಲದಲ್ಲಿ ಇದೇ ಭಯದ ಪಕ್ಕದಲ್ಲಿ ನಿಂತಿತ್ತು. 1976ರ ತಿದ್ದುಪಡಿಯಂತೆ ಹಿಂದೂ ವಿವಾಹ ಕಾಯ್ದೆ ಪದೇ ಪದೇ ಬರುವ ಮೂರ್ಛೆಯನ್ನು ಹುಚ್ಚಿನ ಜೊತೆಯಲ್ಲಿಟ್ಟು, ಅದಿರುವವರು ಮದುವೆಗೆ ಅರ್ಹರಲ್ಲವೆಂದಿತ್ತು. 1999ರ ತಿದ್ದುಪಡಿ ಆ ಪದವನ್ನು ಕಿತ್ತುಹಾಕಿತು. ಮೂರ್ಛೆ ಮನಸ್ಸಿನ ಕೇಡಲ್ಲ, ಮೈಯ ರಸಾಯನದ ಏರುಪೇರು ಎಂಬ ತಿಳಿವು ವೈದ್ಯರಿಂದ ವಕೀಲರವರೆಗೆ, ವಕೀಲರಿಂದ ಸಂಸತ್ತಿನವರೆಗೆ ನಡೆದುಹೋಗಲು ಅಷ್ಟು ವರ್ಷ ಬೇಕಾಯಿತು.

ಸಂಸತ್ತಿನಿಂದ ಹಳ್ಳಿಯ ಜಗಲಿಗೆ ಅದು ಬಂದು ಸೇರುವ ದಾರಿ ಇನ್ನೂ ಪೂರ್ತಿ ಸವೆದಿಲ್ಲ. ಹುಣಸೂರಿನದೋ ಕೋಟೆಯದೋ ತಾಯಿಯೊಬ್ಬಳು ಮಗನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆತಂದು, ‘ನೀರು ಹಾಕುವಾಗ ಹೀಗಾಗುತ್ತದೆ’ ಎಂದು ಹಿಂಜರಿಯದೆ ಹೇಳಿದರೆ ರೋಗನಿದಾನದ ಬಹುಪಾಲು ಮುಗಿದಂತೆಯೇ. ಅವಳು ಹಾಗೆ ಹೇಳಬೇಕಾದರೆ ಅದನ್ನು ಪಾಪವೆಂದೋ ಪಿಶಾಚಿಯೆಂದೋ ತಿಳಿದಿರಬಾರದು. ಮಗನ ತಲೆಯೊಳಗೆ ಎರಡು ಸಾಧಾರಣ ಆಮ್ಲಗಳ ತಕ್ಕಡಿ ಒಂದು ಗಳಿಗೆ ವಾಲಿತೆಂದು, ವಾಲಿದ ತಕ್ಕಡಿಯನ್ನು ಸರಿಪಡಿಸಲು ಬರುತ್ತದೆಂದು ತಿಳಿದಿದ್ದರೆ ಸಾಕು.